ಹಸಿರು ಪೊಟ್ಟಣದ ಮೇಲಿನ ತಾರೀಖು

ಗುರುವಾರ ಬೆಳಿಗ್ಗೆ ತೈವಾನಿನ ತೈನಾನ್ ಊರಿನ ಯಾನ್ ಬೊ-ತಿಂಗ್ ತನ್ನ ಅಲಂಕಾರದ ಮೀನಿನ ಅಂಗಡಿ ತೆರೆದಾಗ, ದೊಡ್ಡ ತೊಟ್ಟಿಯಲ್ಲಿ ಹನ್ನೊಂದು ಮೀನು ಸತ್ತು ತೇಲುತ್ತಿದ್ದವು.

ನಾವು ಹೋಗುವಷ್ಟರಲ್ಲಿ ತೀರ್ಪೂ ಆಗಿಹೋಗಿತ್ತು. ಹನ್ನೆರಡು ವರ್ಷ ಅಲ್ಲೇ ದುಡಿದ ಲಿಯಾನ್-ಹುಯಿ ಸೋಪಿನ ಕೈಯನ್ನು ನೀರಿಗೆ ಅದ್ದಿದಳಂತೆ. ಸಂಜೆಯೊಳಗೆ ಕೆಲಸ ಬಿಡಬೇಕಂತೆ. ನಮ್ಮನ್ನು ಕರೆಸಿದ್ದು ಅವಳೇ. ಏಪ್ರನ್ ಮಡಚಿಟ್ಟು ನಿಂತಿದ್ದಳು.

ನನ್ನ ಹೆಂಡತಿ ಪಾನ್ ಮೂವತ್ತು ವರ್ಷ ಟಿವಿ, ಫ್ರಿಜ್ ರಿಪೇರಿ ಮಾಡಿದವಳು. ನಾನು ಅವಳ ಚೀಲ ಹೊರುವವನು. ಮನೆಯಲ್ಲಿ ನನಗಿರುವ ಹುದ್ದೆ ಅದೊಂದೇ.

ಈ ವಾರ ಏನಾದರೂ ಬೇರೆ ಅನ್ನಿಸಿತ್ತೇ ಎಂದು ಪಾನ್ ಅವಳನ್ನು ಕೇಳಿದಳು.

"ಬೆರಳು ಕೊಯ್ದಿತ್ತು ಅಕ್ಕಾ. ನೀರಿಗಿಟ್ರೆ ಜುಮ್ ಅನ್ನೋದು. ಯಜಮಾನ್ರಿಗೆ ಹೇಳ್ದೆ. ವಯಸ್ಸಾಯ್ತು ನಿಂಗೆ ಅಂದ್ರು."

ಪಾನ್ ಮಲ್ಟಿಮೀಟರ್ ತೆಗೆದಳು. ಒಂದು ಕಡ್ಡಿ ನೀರಿಗೆ, ಇನ್ನೊಂದು ನಲ್ಲಿಯ ಕಬ್ಬಿಣದ ಕೊಳವೆಗೆ. ನಲವತ್ತೆಂಟು ವೋಲ್ಟ್! ಪಂಪಿನ ಪ್ಲಗ್ ಕಿತ್ತಳು—ನಲವತ್ತೆಂಟು. ದೀಪ, ಹೀಟರ್ ಕಿತ್ತಳು—ಆಗಲೂ ಅಷ್ಟೇ. ತೊಟ್ಟಿಯ ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಡುವ ಕಂಟ್ರೋಲರಿನ ಅಡಾಪ್ಟರ್ ಕಿತ್ತಳು—ಸೊನ್ನೆ. ಮತ್ತೆ ಚುಚ್ಚಿದಾಗ ಅದರ ಮೇಲೆ ನೀರಿನ ಹುಳಿ ತೋರಿಸುವ ಅಂಕಿಯೂ ಹುಚ್ಚೆದ್ದು ಜಿಗಿಯಿತು. ಆ ಸುಳ್ಳು ಅಂಕಿಯನ್ನು ನಂಬಿ ಕಂಟ್ರೋಲರ್ ತೊಟ್ಟಿಗೆ ವಿಪರೀತ ಗ್ಯಾಸ್ ಬಿಟ್ಟಿತ್ತು. ಮೀನುಗಳು ಉಸಿರುಗಟ್ಟಿ ಸತ್ತಿದ್ದವು.

"ಇದನ್ನ ಯಾರು ಮುಟ್ತಾರೆ?" ಎಂದು ಪಾನ್ ಕೇಳಿದಳು.

"ಅವಳೊಬ್ಳೇ," ಎಂದ ಯಾನ್. "ನಾನು ಕೈ ಹಾಕಿ ವರ್ಷವಾಯ್ತು."

ಪಾನ್ ಕಂಟ್ರೋಲರಿನ ಮೇಲಿದ್ದ ಹಸಿರು ತಿಂಡಿ ಪೊಟ್ಟಣವನ್ನು ಎತ್ತಿಕೊಂಡಳು. ಅದರ ಹೆಸರಿಗೇ ‘ಜಾಣನಾಗಿರು’ ಎಂಬರ್ಥ; ಯಂತ್ರ ಹಠ ಮಾಡದಿರಲೆಂದು ತೈವಾನಿನಲ್ಲಿ ನಮ್ಮವರೆಲ್ಲ ಅದರ ಮೇಲೆ ಇಡುವಂಥದ್ದು. ನಾನೂ ನೋಡಿದ್ದೆ, ನೋಡಿ ಬಿಟ್ಟಿದ್ದೆ.

"ಹೊಸ ಭಾಗ ಹಾಕಿದವರೇ ಹೊಸ ಪೊಟ್ಟಣ ಇಟ್ಟು ತಾರೀಖು ಬರೀತಾರೆ, ಅಲ್ವಾ? ಇದು ಎಂಟು ದಿನದ ಹಿಂದಿನದು. ಅಕ್ಷರ ಬೋರ್ಡಿನ ಮೇಲಿರೋ ನಿಮ್ಮ ಅಕ್ಷರವೇ. ಅಡಾಪ್ಟರ್ ಬದಲಾಯಿಸಿದ್ದು ನೀವು, ಯಾನ್ ಅವರೇ. ಗೋಡೆ ಸಾಕೆಟ್ಟಲ್ಲಿ ಎರಡೇ ತೂತು, ಅದಕ್ಕೆ ಪ್ಲಗ್ಗಿನ ಮೂರನೇ ಕಡ್ಡೀನ ಇಕ್ಕಳದಲ್ಲಿ ಮುರಿದ್ರಿ. ಊರೆಲ್ಲ ಮಾಡೋದೇ. ಆದ್ರೆ ಸೋರಿದ ಕರೆಂಟು ನೆಲಕ್ಕಿಳಿಯೋ ದಾರಿ ಅದು. ದಾರಿ ಕಟ್ಟಾಗಿ ನೀರಿಗಿಳೀತು."

ಯಾನ್‌ನ ಮುಖ ಸಪ್ಪಗಾಯಿತು. ಅಡಾಪ್ಟರ್ ಬದಲಾಯಿಸಿದ್ದೂ ಕೈ ಹಾಕಿದಂತೆಯೇ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಮಡಚಿಟ್ಟ ಏಪ್ರನ್ನನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಲಿಯಾನ್-ಹುಯಿಯ ಮುಂದೆ ಚಾಚಿದ.

"ತಪ್ಪಾಯ್ತಕ್ಕಾ."

ಅವಳು ಏಪ್ರನ್ ಕಟ್ಟಿಕೊಂಡು ಪಕ್ಕದ ಅಂಗಡಿಗೆ ಹೋಗಿಬಂದಳು. ಹಸಿರು ಪೊಟ್ಟಣವೊಂದರ ಮೇಲೆ ಆ ದಿನದ ತಾರೀಖು ಬರೆದು ಮಲ್ಟಿಮೀಟರಿನ ಮೇಲಿಟ್ಟಳು.

"ನನ್ನ ಬೆರಳಿನ ಮಾತು ನಂಬಿದ್ರಲ್ಲ ಅಕ್ಕಾ, ನೀವೂ ಈ ಮೀಟರೂ," ಎಂದು ಕಣ್ಣೊರೆಸಿಕೊಂಡಳು.

ಅಂದಿನಿಂದ ಚೀಲದಲ್ಲಿ ಒಂದು ಸಾಮಾನು ಹೆಚ್ಚಾಗಿದೆ. ತಿಂಡಿಪೋತನಾದ ನಾನೂ ಅದಕ್ಕೆ ಕೈ ಹಚ್ಚಿಲ್ಲ.