ಆಷಾಢದಲ್ಲಿ ಕಲಿತ ಎಡಿಟಿಂಗ್

"ನೀನೂ ನಿನ್ನ ಗಂಡನೂ ಎಷ್ಟು ಚೆನ್ನಾಗಿ ಬಂದಿದ್ದೀರ ನೋಡು," ಎಂದು ಚನ್ನಪಟ್ಟಣದ ವಿಡಿಯೊ ಅಂಗಡಿಯ ಕೆಹಕಶಾನ್ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟಳು.

ಪ್ರತಿಮಾ ನೋಡಿದಳು. ನೋಡಿದ ಮೇಲೆ ಕುರ್ಚಿಯ ಕೈ ಹಿಡಿದುಕೊಂಡಳು.

ಅಕ್ಕ ಭಾನುಪ್ರಿಯಳ ಮದುವೆಯ ವಿಡಿಯೊ. ಕಲ್ಯಾಣ ಮಂಟಪದ ಊಟದ ಹಾಲ್, ಅದರ ಪಕ್ಕದಲ್ಲಿ ಕೈ ತೊಳೆಯುವ ನಲ್ಲಿಗಳ ಸಾಲು. ಕ್ಯಾಮೆರಾದವನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಓಡಲು ಬಿಟ್ಟು ತಾನು ಎಲೆಯ ಮುಂದೆ ಕೂತಿದ್ದಾನೆ. ಕೊನೆಯ ನಲ್ಲಿಯ ಹತ್ತಿರ ಹಸಿರು ಸೀರೆಯ ಹುಡುಗಿ ಒದ್ದೆ ಕೈಗಳನ್ನು ಮುಂದೆ ಚಾಚಿದ್ದಾಳೆ. ಹುಡುಗನೊಬ್ಬ ತನ್ನ ಜರಿ ಶಲ್ಯದಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದಾನೆ. ಅಷ್ಟು ಹೊತ್ತು ಒರೆಸಲು ಆ ಬೆರಳುಗಳಲ್ಲಿ ಅಷ್ಟೊಂದು ನೀರು ಇರಲು ಸಾಧ್ಯವಿರಲಿಲ್ಲ.

ಹುಡುಗಿ ಪ್ರತಿಮಾ. ಹುಡುಗ ಜಯಕುಮಾರ್, ಮದುಮಗನ ಸ್ವಂತ ತಮ್ಮ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಒಬ್ಬರಿಗೊಬ್ಬರು ಆಗುವ ಹಾಗೂ ಇರಲಿಲ್ಲ.

"ಇದನ್ನ ಊಟದ ಸೀನಿಗೆ ಹಾಕಿದ್ದೀನಿ," ಎಂದಳು ಕೆಹಕಶಾನ್. "ಊಟದ ಸೀನ್ ಬಂದ್ರೆ ಜನ ಎದ್ದೋಗ್ತಾರೆ. ಇದನ್ನ ಕಂಡ್ರೆ ಒಬ್ರೂ ಅಲ್ಲಾಡಲ್ಲ."

ಅದನ್ನು ಪ್ರತಿಮಾ ಪೂರ್ತಿ ನಂಬಿದಳು. ಹೊರಗಿನ ಕೋಣೆಯಲ್ಲಿ ಭಾನುಪ್ರಿಯ ಆಲ್ಬಮ್ಮಿನ ರಟ್ಟು ಆರಿಸುತ್ತಿದ್ದಳು. ಪುಟ ತಿರುವುವ ಸದ್ದು ಕೇಳುತ್ತಿತ್ತು. ಅವನು ನನ್ನ ಗಂಡನಲ್ಲ ಎಂದು ಹೇಳಿದರೆ ಮತ್ಯಾರು ಎಂಬ ಪ್ರಶ್ನೆ ಬರುತ್ತದೆ. ತೆಗೆದುಬಿಡಿ ಎಂದರೆ ಯಾಕೆ ಎಂಬುದು ಬರುತ್ತದೆ. ಚನ್ನಪಟ್ಟಣದಲ್ಲಿ ಮೂರನೆಯವರಿಗೆ ಗೊತ್ತಾದ ಸಂಗತಿ ಬಸ್ಸು ಹತ್ತಿ ಅವಳೂರು ಬೈರಾಪಟ್ಟಣಕ್ಕೆ ಬರಲು ಒಂದು ಸಂಜೆ ಸಾಕು.

"ಅಕ್ಕಾ, ನಂಗೆ ಎಡಿಟಿಂಗ್ ಕಲಿಸ್ತೀರಾ?" ಎಂದಿತು ಅವಳ ಬಾಯಿ. "ಭಾನಕ್ಕನ ವಿಡಿಯೊನೇ ಪ್ರಾಕ್ಟೀಸಿಗೆ ಕೊಡಿ. ನಾನೇ ಮುಗಿಸ್ತೀನಿ."

ಮದುವೆ ಸೀಸನ್ನಿನ ಕೆಲಸ ಇನ್ನೂ ಬೆಟ್ಟದಷ್ಟು ಬಾಕಿಯಿದ್ದ ಕೆಹಕಶಾನ್‌ಗೆ ಇದು ದೇವರೇ ಕಳಿಸಿದ ಮಾತಾಗಿ ಕೇಳಿತು.

*

ಪ್ರತಿಮಾಳ ತಂದೆ ಬೋರಲಿಂಗಯ್ಯನವರಿಗೆ ಹಾವು, ಕೋರ್ಟು, ಸಿಡಿಲು ಯಾವುದರ ಭಯವೂ ಇರಲಿಲ್ಲ. ಇದ್ದದ್ದು ಒಂದೇ: ಒಂದೇ ಮನೆಗೆ ಇಬ್ಬರು ಹೆಣ್ಣುಮಕ್ಕಳನ್ನು ಕೊಡಬಾರದು. ಅವರ ಇಬ್ಬರು ಅಕ್ಕಂದಿರನ್ನು ಹಾಗೆ ಕೊಟ್ಟಿದ್ದರು. ಕರು ಹಾಕಿದ ಹಸುವಿನ ಗಿಣ್ಣು ಮೊದಲು ಯಾರ ಒಲೆಗೆ ಎಂಬಲ್ಲಿ ಶುರುವಾದದ್ದು ಅಂಗಳದ ನಡುವಿನ ಗೋಡೆಯಲ್ಲಿ ನಿಂತಿತು. ಒಬ್ಬಳು ಬರಬಹುದೆಂದು ಇನ್ನೊಬ್ಬಳು ಬರದೆ, ಭಾನುಪ್ರಿಯಳ ಮದುವೆಗೆ ಇಬ್ಬರೂ ಬಂದಿರಲಿಲ್ಲ.

ಇದಕ್ಕಿಂತ ಹತ್ತಿರದ ಭಯವೊಂದಿತ್ತು. ಅದು ಆಷಾಢ. ಹೊಸ ಸೊಸೆ ಅತ್ತೆಯ ಜೊತೆ ಒಂದೇ ಸೂರಿನಡಿ ಇರಬಾರದೆಂದು ಭಾನುಪ್ರಿಯ ತೌರಿಗೆ ಬಂದಿದ್ದಳು. ಶ್ರಾವಣ ಹುಟ್ಟಿದ ಮೇಲೆ ಗುಡೇಮಾರನಹಳ್ಳಿಯಿಂದ ಅತ್ತೆ ಅಂಬುಜಮ್ಮ ಮಕ್ಕಳೊಡನೆ ಬಂದು, ಉಂಡು, ಎಲ್ಲರ ಜೊತೆ ಕೂತು ಮದುವೆಯ ವಿಡಿಯೊ ನೋಡಿ, ಸೊಸೆಯನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಅವತ್ತು ಆ ನಲ್ಲಿಯ ದೃಶ್ಯ ಬಂದರೆ? ದೊಡ್ಡ ಮಗಳನ್ನು ಕೊಟ್ಟು ಚಿಕ್ಕವಳನ್ನು ಬಲೆಗೆ ಬಿಟ್ಟರು ಎಂದು ಆಕೆ ಎದ್ದು ಹೋದರೆ? ತನ್ನ ಬೆರಳಿನ ನೀರಿಗೆ ಅಕ್ಕನ ಬಾಳು ತೌರಿನಲ್ಲೇ ಉಳಿದರೆ?

ಪ್ರತಿಮಾ ದಿನವೂ ಬಸ್ಸು ಹತ್ತಿದಳು.

ಕೆಹಕಶಾನ್‌ಳ ಮನೆಯವರು ತಲೆಮಾರುಗಳಿಂದ ಬೊಂಬೆ ಮಾಡುವವರು. ಅವಳ ಪಾಠವೂ ಮರ ಕಡೆಯುವವರ ಪಾಠದಂತೆಯೇ ಇತ್ತು. ಎಫೆಕ್ಟ್ಸ್ ಎಂಬ ಮೆನು ತೆರೆಯಬಾರದು. ಹೊಸಬರು ಅಲ್ಲಿಗೆ ಹೋದರೆ ಮದುಮಗನ ಕಿವಿಯಿಂದ ಗುಲಾಬಿ ಉದುರಿಸದೆ ಹಿಂದಿರುಗುವುದಿಲ್ಲ. ಯೂಟ್ಯೂಬಿನಲ್ಲಿ ಪಾಠ ನೋಡುತ್ತಾ ಕೂರಬಾರದು. ಒಂದು ನೋಡಿದರೆ ಅದನ್ನು ಮಾಡಿ ಮುಗಿಸುವ ತನಕ ಇನ್ನೊಂದಿಲ್ಲ. ನಮ್ಮ ಚಿಕ್ಕಪ್ಪ ಬುಗುರಿ ಕಡೆಯುವುದನ್ನು ಮೊಬೈಲಿನಲ್ಲಿ ಹಿಡಿದು ಬಾ, ಅದನ್ನು ಅರ್ಧಕ್ಕಿಳಿಸು, ಅದರಲ್ಲೂ ಅರ್ಧ ಮಾಡು, ಬುಗುರಿ ಆದದ್ದು ಮಾತ್ರ ಗೊತ್ತಾಗಬೇಕು. ಉಸಿರು ಬಿಟ್ಟಾಗಲೆಲ್ಲ ಸೇವ್ ಮಾಡು. ಮೇಲಿನ ಪಟ್ಟಿ ಚಿತ್ರ, ಕೆಳಗಿನ ಪಟ್ಟಿ ಶಬ್ದ; ಎರಡೂ ಹೊಲಿದುಕೊಂಡೇ ಇರುತ್ತವೆ. ಹಾಡು ಕೂರಿಸಬೇಕಾದರೆ ಹೊಲಿಗೆ ಬಿಚ್ಚಿ ಬೇರೆ ಮಾಡಿಕೊ.

ಪ್ರತಿಮಾ ಎಲ್ಲವನ್ನೂ ಕಲಿತಳು. ಆದರೆ ಅವಳಿಗೆ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಬಾಗಿಲ ಪರದೆ ಅಲ್ಲಾಡಿದ ಕೂಡಲೇ ನಲ್ಲಿಯಿಂದ ಧಾರೆ ಎರೆಯುವ ದೃಶ್ಯಕ್ಕೆ ಜಿಗಿಯುವುದು. ಆ ಕ್ಲಿಪ್ಪಿನ ಹತ್ತಿರ ಬಂದಾಗಲೆಲ್ಲ ಅವಳು ಮೊದಲು ಸ್ಪೀಕರ್ ಮ್ಯೂಟ್ ಮಾಡುತ್ತಿದ್ದಳು. ಅವತ್ತು ಆ ನಲ್ಲಿಯ ಬಳಿ ಆಡಿದ ಮಾತು ಈ ಅಂಗಡಿಯಲ್ಲಿ ಕೇಳಿಸುವುದಕ್ಕಿಂತ ಕಿವುಡಾಗಿ ಕೆಲಸ ಕಲಿಯುವುದು ಮೇಲೆನ್ನಿಸಿತ್ತು.

*

ಒಂದು ಮಧ್ಯಾಹ್ನ ಬಾಗಿಲ ಪರದೆ ಅಲ್ಲಾಡಿತು. ಅವಳು ಧಾರೆಗೆ ಜಿಗಿದಳು.

ಬಂದವನು ಜಯಕುಮಾರ್. ಎದೆಗೊಂದು ಹಲಸಿನ ಹಣ್ಣು ಅವುಚಿಕೊಂಡಿದ್ದ. ಅತ್ತಿಗೆಗೆ ಕೊಟ್ಟು ಬಾ ಎಂದು ಅವ್ವ ಕಳಿಸಿದ್ದಂತೆ. ದಾರಿಯಲ್ಲಿ ಚನ್ನಪಟ್ಟಣ ಸಿಕ್ಕಿತಂತೆ.

"ಓ, ಯಜಮಾನ್ರು ಬಂದ್ರು," ಎಂದು ಕೆಹಕಶಾನ್ ಅವನಿಗೆ ಕುರ್ಚಿ ಎಳೆದು, ಟೀ ಹೇಳಿ ಬರುತ್ತೇನೆಂದು ಹೊರಗೆ ಹೋದಳು. ಜಯಕುಮಾರ್‌ನ ಕಿವಿ ಕೆಂಪಾಯಿತು. ಅದು ಅವನಿಗೆ ಅಷ್ಟೇನೂ ಬೇಸರ ತಂದಂತೆ ಕಾಣಲಿಲ್ಲ.

ಇದನ್ನ ಕತ್ತರಿಸ್ಬೇಕು ಎಂದು ಹೇಳಿ ಪ್ರತಿಮಾ ಸ್ಪೀಕರ್ ಮ್ಯೂಟ್ ಮಾಡಿ ಕ್ಲಿಪ್ ಹಾಕಿದಳು. ಇಬ್ಬರೂ ಸದ್ದಿಲ್ಲದೆ ತಮ್ಮನ್ನು ತಾವು ನೋಡಿಕೊಂಡರು. ಪರದೆಯ ಜಯಕುಮಾರ್ ಬೆರಳು ಒರೆಸುವುದನ್ನು ನಿಲ್ಲಿಸಿ ತಲೆಯೆತ್ತಿದ. ಅವಳು ಬೇರೆ ಕಡೆ ನೋಡುತ್ತಿದ್ದಳು. ಅವಳು ಇತ್ತ ತಿರುಗುವಷ್ಟರಲ್ಲಿ ಅವನು ತಲೆ ತಗ್ಗಿಸಿದ.

"ನಾನು ಹಿಂಗಾ ನಿನ್ನ ನೋಡೋದು?"

"ಹಿಂಗೇ. ನಂಗೂ ಇಲ್ಲೇ ಗೊತ್ತಾಗಿದ್ದು."

"ಹಂಗಾರೆ ಕತ್ತರಿಸ್ಬೇಡ ಕಣೆ. ನಾನು ಮಾವನ ಹತ್ರ ಮಾತಾಡ್ತೀನಿ."

"ಯಾವಾಗ?"

"ಆಷಾಢ ಒಂದು ಕಳೀಲಿ."

ಅವಳು ನಕ್ಕಳು. ನಗುವಿನಲ್ಲಿ ಖುಷಿ ಕಡಿಮೆಯಿತ್ತು. ಜಯಕುಮಾರ್‌ನ ಧೈರ್ಯ ಚನ್ನಪಟ್ಟಣದ ತನಕ ಚೆನ್ನಾಗಿಯೇ ಓಡುತ್ತಿತ್ತು. ಬೈರಾಪಟ್ಟಣದ ತಿರುವಿನಲ್ಲಿ ಅದಕ್ಕೆ ಪೆಟ್ರೋಲು ಮುಗಿಯುತ್ತಿತ್ತು. ಹಾಗೆಂದು ಅವನನ್ನು ಬಯ್ಯುವ ಹಕ್ಕು ಅವಳಿಗಿರಲಿಲ್ಲ. ಅವಳದ್ದು ಹೊರಡುತ್ತಲೇ ಇರಲಿಲ್ಲ.

"ನಿಮ್ಮವ್ವ ಅಕ್ಕನ್ನ ಇಲ್ಲೇ ಬುಟ್ಟು ಹೋದ್ರೆ ಏನ್ ಮಾಡ್ತೀಯ?"

ಅವನು ಮೌಸಿನ ಮೇಲಿದ್ದ ಅವಳ ಕೈ ತಣ್ಣಗಿರುವುದು ಗೊತ್ತಿದ್ದವನಂತೆ ತನ್ನ ಕೈಯನ್ನು ಅದರ ಮೇಲಿಟ್ಟ. ಅವನದೂ ತಣ್ಣಗೇ ಇತ್ತು.

"ನಾನು ಹೋದ ಮೇಲೆ ಕತ್ತರಿಸು," ಎಂದ. "ನನ್ನ ಮುಂದೆ ಬೇಡ."

ಅವನು ಹೋದ ಮೇಲೂ ಹಲಸಿನ ವಾಸನೆ ಉಳಿದಿತ್ತು. ಹಾಡು ಕೂರಿಸಲು ಮೊದಲೇ ಹೊಲಿಗೆ ಬಿಚ್ಚಿದ್ದ ಮೇಲಿನ ಪಟ್ಟಿಯನ್ನು ಪ್ರತಿಮಾ ಎರಡು ಕಡೆ ತುಂಡು ಮಾಡಿ ನಡುವಿನದನ್ನು ತೆಗೆದಳು. ಆ ಜಾಗಕ್ಕೆ ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸುವ ದೃಶ್ಯ ಕೂರಿಸಿದಳು. ಬೆಸುಗೆ ಚೆನ್ನಾಗಿ ಬಂದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೆಲಸ ಚೆನ್ನಾಗಿ ಬಂದದ್ದಕ್ಕೆ ಅವಳಿಗೆ ಅಳು ಬಂತು.

ಕೆಹಕಶಾನ್ ಟೀ ತಂದು, ರಾಮನಗರದಲ್ಲಿ ನಿಕಾಹ್ ಒಂದರ ಆರ್ಡರಿದೆ, ಇನ್ನು ನೀನೇ ಎಡಿಟರ್, ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗು ಎಂದು ಹೊರಟಳು. ಯಜಮಾನ್ರು ಎಲ್ಲಿ ಹೋದರು ಎಂದು ಕೇಳಲಿಲ್ಲ.

*

ಶ್ರಾವಣದ ಮೊದಲ ಭಾನುವಾರ ಅಂಬುಜಮ್ಮ ಬಂದರು. ಜೊತೆಗೆ ದೊಡ್ಡ ಮಗ, ಅಂದರೆ ಭಾನುಪ್ರಿಯಳ ಗಂಡ ಮನೋಹರ್. ಹಿಂದೆ ಬಾಳೆಗೊನೆ ಹೊತ್ತ ಜಯಕುಮಾರ್. ಊಟವಾಗಿ ಎಲೆಯಡಿಕೆ ತಟ್ಟೆ ಬಂದ ಮೇಲೆ ಮನೋಹರ್ ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿದ. ಚಿಕ್ಕ ಮಗಳೇ ಮಾಡಿದ್ದು ಎಂದು ಬೋರಲಿಂಗಯ್ಯ ಮೂರು ಬೇರೆ ಬೇರೆ ರೀತಿಯಲ್ಲಿ ಹೇಳಿದರು.

ಪ್ರತಿಮಾ ಗೋಡೆಗೆ ಒರಗಿ ನಿಂತಿದ್ದಳು. ಎಷ್ಟು ಸಲ ನೋಡಿ ಖಾತ್ರಿ ಮಾಡಿಕೊಂಡಿದ್ದರೂ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

ಧಾರೆಯಲ್ಲಿ ಪರದೆಯ ಬೋರಲಿಂಗಯ್ಯ ಕಣ್ಣೊರೆಸಿಕೊಂಡರು. ಈಚೆ ಬೆಂಚಿನ ಮೇಲೆ ಕೂತಿದ್ದ ಬೋರಲಿಂಗಯ್ಯನವರೂ ಒರೆಸಿಕೊಂಡರು. ಅಂಬುಜಮ್ಮ ತಮ್ಮ ಸೀರೆ ಕ್ಯಾಮೆರಾದಲ್ಲಿ ಬಣ್ಣ ಬದಲಿಸಿದೆ ಎಂದರು. ಆಮೇಲೆ ಊಟದ ಹಾಲ್, ಕೋಸಂಬರಿ, ಒಬ್ಬಟ್ಟು. ಯಾರ ಕಣ್ಣಿಗೂ ಏನೂ ಬೀಳಲಿಲ್ಲ. ಹಾಡು ಮುಗಿಯಿತು.

ಆಗ ಟಿವಿಯೊಳಗಿಂದ ನೀರು ಬೀಳುವ ಸದ್ದು ಬಂತು.

"ಸಾಕು ಬುಡು, ಒಣಗೈತೆ. ಶಲ್ಯ ಹಾಳಾಗ್ತದೆ, ನಿಮ್ಮವ್ವ ಬಯ್ತಾರೆ."

"ಬಯ್ಲಿ. ಇನ್ನೂ ಈ ಬೆರಳು ಐತೆ."

ಪ್ರತಿಮಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಂದೇ ಏಟಿಗೆ ಅರ್ಥವಾಯಿತು. ಮೇಲಿನ ಪಟ್ಟಿಯನ್ನು ಕತ್ತರಿಸಿದ್ದಳು. ಕೆಳಗಿನದು ಹಾಗೇ ಇತ್ತು. ಅದನ್ನು ಅವಳು ಒಂದು ಸಲವೂ ಕೇಳಿರಲಿಲ್ಲ.

ಪರದೆಯಲ್ಲಿ ಹಿರಿಯರೊಬ್ಬರು ಎರಡನೇ ಒಬ್ಬಟ್ಟು ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದಿದ್ದರು.

"ನಿಮ್ಮಪ್ಪನ ಮುಂದೆ ನಿಂತ್ರೆ ನಂಗೆ ಬಾಯಿ ಒಣಗೋಯ್ತದೆ," ಎಂದಿತು ಗಂಡು ದನಿ. "ಹೆಂಗ್ ಕೇಳ್ಲಿ?"

"ನಂಗೂ ಭಯನೇ. ನೀನು ಕೇಳ್ದೆ ಹೋದ್ರೆ ಅಂತ ಅದಕ್ಕಿಂತ ಭಯ."

ಆಮೇಲೆ ನಾದಸ್ವರ ಶುರುವಾಯಿತು. ಮನೋಹರ್ ರಿಮೋಟ್ ಹುಡುಕಿ ಟಿವಿ ನಿಲ್ಲಿಸಿದ.

"ಯಾರ್ದದು?" ಎಂದರು ಬೋರಲಿಂಗಯ್ಯ.

"ಅಡಿಗೆಯೋರು ಇರ್ಬೇಕಪ್ಪ," ಎಂದಳು ಭಾನುಪ್ರಿಯ. ಎಲೆಯಡಿಕೆ ತಟ್ಟೆಯನ್ನು ಎತ್ತಿಕೊಂಡು ಅತ್ತೆಯ ಮುಂದೆ ಹಿಡಿದಳು.

ಆ ಸುಳ್ಳು ನಿಲ್ಲುವಂಥದ್ದೇ. ಮುಖ ಯಾರದೂ ಕಂಡಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು: ಅಕ್ಕ ಸಂಜೆಗೆ ಗಂಡನ ಮನೆಗೆ ಹೋಗುತ್ತಾಳೆ, ಜಯಕುಮಾರ್ ಬೈಕು ಹತ್ತುತ್ತಾನೆ, ಇವಳಿಗೆ ಒಂದು ದಿನ ಬೇರೆ ಯಾವುದೋ ಊರಿನಿಂದ ಗಂಡು ಬರುತ್ತದೆ. ಪ್ರತಿಮಾ ಅವನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಕಣ್ಣು ತೆಗೆದುಬಿಟ್ಟಳು.

ಆದ್ದರಿಂದ ಅವನು ಎದ್ದದ್ದನ್ನು ಅವಳು ಕಾಣಲಿಲ್ಲ, ಕೇಳಿದಳು. ಕುರ್ಚಿ ಹಿಂದಕ್ಕೆ ಸರಿದ ಸದ್ದು.

"ಒಂದು ದನಿ ನಂದು, ಮಾವ."

ಅದರಲ್ಲಿ ದನಿಯೇ ಇರಲಿಲ್ಲ, ಬರೀ ಗಾಳಿ. ಇನ್ನೊಂದು ಯಾರದೆಂದು ಅವನು ಹೇಳಲಿಲ್ಲ. ಹೇಳುವುದೂ ಬಿಡುವುದೂ ಅವಳಿಗೇ ಎನ್ನುವಂತೆ ಬಿಟ್ಟುಕೊಟ್ಟು ನಿಂತಿದ್ದ.

"ಇನ್ನೊಂದು ನಂದಪ್ಪ," ಎಂದಳು ಪ್ರತಿಮಾ.

ಬೋರಲಿಂಗಯ್ಯ ಕೂಗಲಿಲ್ಲ. ಕೂಗಿದ್ದರೆ ಸುಲಭವಾಗುತ್ತಿತ್ತು. ಮೊಣಕಾಲ ಮೇಲೆ ಕೈಯೂರಿ, ತನ್ನ ಅಕ್ಕಂದಿರು ಕೂಡ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು, ಇವತ್ತು ಒಬ್ಬಳು ಸತ್ತರೆ ಇನ್ನೊಬ್ಬಳು ಬಾಗಿಲು ತೆಗೆಯುವಳೋ ಇಲ್ಲವೋ ಎಂದು ನಿಧಾನಕ್ಕೆ ಹೇಳಿದರು. "ನಂಗೆ ಭಯ ಕಣವ್ವ," ಎಂದರು. ಆ ಮಾತು ಅವರ ಬಾಯಲ್ಲಿ ಆ ಮನೆಯವರು ಕೇಳಿದ್ದು ಅದೇ ಮೊದಲು.

ಎಲ್ಲರೂ ಅಂಬುಜಮ್ಮನವರ ಕಡೆ ನೋಡಿದರು.

"ಆ ಶಲ್ಯದ ಕಲೆ ಎಷ್ಟು ಒಗೆದ್ರೂ ಹೋಗ್ಲಿಲ್ಲ," ಎಂದರು ಅಂಬುಜಮ್ಮ, ಚಿಕ್ಕ ಮಗನನ್ನು ದಿಟ್ಟಿಸಿ. "ಸಾರು ಚೆಲ್ಲಿತು ಅಂದಿದ್ದ." ಆಮೇಲೆ ಸೊಸೆಯತ್ತ ತಿರುಗಿದರು. "ನೀನ್ ಹೇಳವ್ವ. ಒಂದು ಒಲೆ ಮುಂದೆ ನಿಲ್ಬೇಕಾದೋರು ನೀವಿಬ್ರು. ನಾವ್ ಯಾರು?"

ಭಾನುಪ್ರಿಯ ತಟ್ಟೆಯನ್ನು ಕೆಳಗಿಟ್ಟಳು. "ಅಲ್ಲಿ ನಾನೊಬ್ಳೇ ಹೆದರ್ಕೊಂಡು ಇರೋ ಬದ್ಲು ಇವಳೂ ಬರ್ಲಿ ಅತ್ತೆ," ಎಂದಳು. "ಒಸಿ ಧೈರ್ಯ."

"ನಾನೇನು ಚಿರತೆನಾ?" ಎಂದರು ಅಂಬುಜಮ್ಮ. ಯಾರೂ ಅಲ್ಲ ಎನ್ನಲಿಲ್ಲ. ಮನೋಹರ್ ಗಂಟಲು ಸರಿಮಾಡಿಕೊಂಡ. ಅಂಬುಜಮ್ಮನವರಿಗೇ ಮೊದಲು ನಗು ಬಂತು.

ಬೋರಲಿಂಗಯ್ಯ ನಗಲಿಲ್ಲ. ಕಪ್ಪಾದ ಟಿವಿಯನ್ನೇ ನೋಡುತ್ತಿದ್ದರು.

"ಚಿತ್ರ ಎಲ್ಲಿ ಹೋಯ್ತು?" ಎಂದು ಕೇಳಿದರು.

"ಕತ್ತರಿಸ್ಬುಟ್ಟೆ."

"ಯಾಕೆ?"

"ಭಯಕ್ಕೆ."

"ಮತ್ತೆ ಸೇರ್ಸಕ್ಕೆ ಬತ್ತದಾ?"

ಅದನ್ನು ಅವಳಿಗೆ ಇನ್ನೂ ಯಾರೂ ಕಲಿಸಿರಲಿಲ್ಲ. "ಕಲೀತೀನಿ," ಎಂದಳು.

"ಕಲ್ತ್ಕೊ. ದನಿ ಒಂದು ಕಡೆ ಮುಖ ಒಂದು ಕಡೆ ಇದ್ರೆ ನೋಡಿದೋರು ಏನಂದ್ಕೊಂಡಾರು."

ಅಷ್ಟೇ. ಜಯಕುಮಾರ್ ಇನ್ನೂ ನಿಂತೇ ಇದ್ದ. ಅವನಿಗೆ ಕೂರು ಎಂದು ಯಾರೂ ಹೇಳಿರಲಿಲ್ಲ. ಬೋರಲಿಂಗಯ್ಯ ತಲೆಯೆತ್ತಿ ಅವನನ್ನೊಮ್ಮೆ ನೋಡಿ, ಬೆಂಚಿನ ಮೇಲೆ ಒಂದಿಷ್ಟು ಸರಿದರು. ಅವನು ಬಂದು ಆ ಜಾಗದ ತುದಿಯಲ್ಲಿ ಕೂತ. ಪ್ರತಿಮಾ ಗೋಡೆ ಬಿಟ್ಟು ಬಂದು, ಮತ್ತೆ ಸೇರಿಸಲೆಂದು ಟಿವಿಯಿಂದ ಪೆನ್‌ಡ್ರೈವ್ ಕಿತ್ತುಕೊಂಡಳು.