ತಣ್ಣಗಿದ್ದಾಗ ಹತ್ತು!

ಕತ್ತಿನ ಹಿಂದೆ ಪಿಸ್ತೂಲು. ತಲೆ ಬಾನೆಟ್ಟಿನೊಳಗೆ.

ಆದರೂ ಸ್ಪ್ಯಾನರ್ ತಿರುಗಿಸುತ್ತಲೇ ಇದ್ದೆ. ಧೈರ್ಯ ಅಂದುಕೊಳ್ಳಬೇಡಿ ಸಾರ್... ಅಕ್ಕನ ಗಂಡ, ನನ್ನ ಮೆಕ್ಯಾನಿಕ್ ಭಾವ, ಸತ್ತ ದಿನದಿಂದ ನನಗೆ ಏನೂ ಆಗುತ್ತಿಲ್ಲ. ಅಳುವೂ ಇಲ್ಲ, ಹೆದರಿಕೆಯೂ ಇಲ್ಲ.

"ಬೇಗ ಟ್ಯೂನ್ ಮಾಡೋ!" ಎಂದ ಸೈಲೆನ್ಸರ್. ಪಿಸ್ತೂಲು ಹಿಡಿದಿದ್ದವನು ಅವನ ಚೇಲಾ.

ಬಾಯಿ ಬಿಡುವವರನ್ನು ಸುಮ್ಮನಾಗಿಸುವುದು ಸೈಲೆನ್ಸರ್ ಕಸುಬು. ಕದ್ದ ಕಾರು ಹುಡುಕಿಕೊಡುವುದು ನನ್ನದು.

ಎಂಜಿನ್ ಪಕ್ಕ ಭಾವ ಮಾಡಿದ ಸ್ಟೀಲ್ ಡಬ್ಬ. ಒಳಗೆ ಪ್ಲೇಟುಗಳು, ಕಾಸ್ಟಿಕ್ ಸೋಡಾ ನೀರು. ಬ್ಯಾಟರಿ ಕರೆಂಟ್ ಬಿಟ್ಟರೆ ಹೈಡ್ರೋಜನ್ ಗುಳ್ಳೆ ಎದ್ದು ಪೈಪಿನಲ್ಲಿ ಎಂಜಿನ್ನಿಗೆ ಹೋಗುತ್ತದೆ. ಪೆಟ್ರೋಲ್ ಅರ್ಧ ಸಾಕು ಅಂತ ಭಾವ ಕಂಡಕಂಡವರಿಗೆಲ್ಲ ಕೊಚ್ಚಿಕೊಂಡ. ಸೈಲೆನ್ಸರ್ ಕಿವಿಗೂ ಬಿತ್ತು. ಡಬ್ಬ ಕೊಡು ಎಂದ. ಭಾವ ಆಗಲ್ಲ ಎಂದ. ಮರುದಿನ ಭಾವ ಕಾರಿನ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದಾಗ ಜಾಕ್ ಜಾರಿತು.

ಜಾಕ್ ತಾನಾಗಿ ಜಾರುವುದಿಲ್ಲ ಸಾರ್!

ಡಬ್ಬ ಸೈಲೆನ್ಸರ್ ಗೋಡೌನಿಗೆ, ಅವನ ಕಾರಿಗೆ ಬಂತು. ಭಾವನ ಹತ್ತಿರ ಟ್ಯೂನಿಂಗ್ ಕಲಿತವನು ನಾನೊಬ್ಬನೇ. ನಾನು ಮೋಸ ಮಾಡಬಾರದಲ್ಲ... ಅದಕ್ಕೇ ನನ್ನ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ್ದರು.

ಡಬ್ಬದ ಕರೆಂಟ್ ನಾಬ್ ತಿರುಗಿಸಿದೆ. ಮೀಟರಿನ ಮುಳ್ಳು ಹತ್ತು ಆಂಪಿಯರಿಗೆ ನಿಂತಿತು.

"ಹತ್ತಾ? ಯಾರಿಗೋ ಟೋಪಿ ಹಾಕ್ತೀಯ? ನಿನ್ನ ಭಾವ ಓಡಿಸ್ಕೊಂಡು ಬಂದಾಗ ಇಪ್ಪತ್ತಿತ್ತು. ಕಣ್ಣಾರೆ ನೋಡಿದೀನಿ!"

"ಅದು ಬಿಸಿಯಾದ್ಮೇಲೆ. ತಣ್ಣಗಿದ್ದಾಗ ಹತ್ತು. ಬಿಸಿ ಏರಿದ ಹಾಗೆ ಕರೆಂಟ್ ತಾನೇ ಏರುತ್ತೆ. ಈಗ್ಲೇ ಇಪ್ಪತ್ತಿಟ್ರೆ..."

"ಕತೆ ಬೇಡ. ಇಪ್ಪತ್ತು!"

ಇಟ್ಟೆ.

ಅಕ್ಕ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಳು. ಭಾವನ ಪ್ಲೇಟುಗಳನ್ನು ತಿಕ್ಕಿ ತೊಳೆದವಳು ಅವಳೇ. ನಾನು ಮುಗಿಸದ ಮಾತು ಅವಳಿಗೆ ಗೊತ್ತಿತ್ತು. ನೀರು ಕುದಿಯುತ್ತದೆ, ಪೈಪ್ ಕಳಚುತ್ತದೆ, ಗ್ಯಾಸ್ ಬಾನೆಟ್ಟಿನೊಳಗೇ ತುಂಬುತ್ತದೆ. ಆಮೇಲೆ ಒಂದು ಕಿಡಿ ಸಾಕು.

ಸೈಲೆನ್ಸರ್ ಸ್ಟೇರಿಂಗ್ ಹಿಡಿದ.

"ಅಕ್ಕನ್ನ ಇಳಿಸು."

"ಟ್ರಯಲ್ ಮುಗೀಲಿ."

ಎಂಜಿನ್ ಸ್ಟಾರ್ಟ್ ಆಯಿತು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಣ್ಣಾ... ವಾಂತಿ ಬರ್ತಿದೆ. ಪೆಟ್ರೋಲ್ ವಾಸನೆ ನಂಗಾಗಲ್ಲ."

ಮೆಕ್ಯಾನಿಕ್ ಹೆಂಡತಿಗೆ ಪೆಟ್ರೋಲ್ ವಾಸನೆ ಆಗುವುದಿಲ್ಲವಂತೆ!

"ಲೇ ಲೇ! ಹೊಸ ಲೆದರ್ ಸೀಟು! ಇಳಿಯಮ್ಮ, ಇಳಿ!"

ಇಳಿದಳು. ಬಾಗಿಲು ಧಡ್ ಎಂದಿತು. ಕಾರು ಚಿಮ್ಮಿತು.

ಗೋಡೌನ್ ಸುತ್ತ ಸುತ್ತು ಹೊಡೆದೇ ಹೊಡೆದ. ಹಲ್ಲು ಕಿರಿದು ಕೈ ಬೀಸಿದ. ನಾವು ನೋಡುತ್ತ ನಿಂತೆವು. ಮೊದಲು ಬಾನೆಟ್ ಸಂದಿಯಲ್ಲಿ ಆವಿ ಎದ್ದಿತು. ಆಮೇಲೆ...

ಢಮಾರ್!

ಬಾನೆಟ್ ಗಾಳಿಗೆ ಹಾರಿತು. ಕಾರು ಗೋಡೆಗೆ ಗುದ್ದಿ ಹೊತ್ತಿಕೊಂಡಿತು. ಬಾಗಿಲು ತೆರೆಯಲೇ ಇಲ್ಲ. ಚೇಲಾ ಪಿಸ್ತೂಲು ಬಿಸಾಕಿ ಕಾಲಿಗೆ ಬುದ್ಧಿ ಹೇಳಿದ.

ನನಗೆ ಖುಷಿ ಆಗಬೇಕಿತ್ತು. ಏನೂ ಆಗಲಿಲ್ಲ.

"ಅಕ್ಕಾ, ನಿಜವಾಗ್ಲೂ ವಾಂತಿ ಬಂದಿತ್ತಾ?"

ಅವಳು ಬೆಂಕಿಯನ್ನೇ ನೋಡುತ್ತಿದ್ದಳು.

"ಇಲ್ಲ ಕಣೋ. ಅವನನ್ನ ಅಣ್ಣಾ ಅಂದೆನಲ್ಲ... ಈಗ ಬರ್ತಿದೆ."