ಕೊಬ್ಬಿಲ್ಲದ ಪಲಾವ್

ಸೆಪ್ಟೆಂಬರ್ ಕೊನೆಯ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗುತ್ತಿಗೆದಾರ ತುರ್ಗುನ್ ಠಾಣೆಗೆ ಬಂದು ದೂರು ಕೊಟ್ಟ. ತಾನು ಗುತ್ತಿಗೆ ಹಿಡಿದ ಅಕ್ರೋಟ್ ಮರಗಳಿಗೆಲ್ಲ ಯಾರೋ ಕುರಿಯ ದಪ್ಪ ಬಾಲದ ಕೊಬ್ಬು ಬಳಿದಿದ್ದಾರೆ, ಹತ್ತಲು ಹೋದ ಆಳುಗಳೆಲ್ಲ ಜಾರಿ ಕುಂಡಿ ಊರಿದ್ದಾರೆ. ಇನ್‌ಸ್ಪೆಕ್ಟರ್ ಎರ್ಗಾಶ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಬೋತಿರ್‌ನನ್ನು ಕರೆದುಕೊಂಡು ಕಾಡಿಗೆ ಹೊರಟ.

ಪಂಚನಾಮೆಗೆ ಅಡ್ಡಿಯಾದದ್ದು ನಾಯಿಗಳು. ಊರಿನ ಅಷ್ಟೂ ನಾಯಿಗಳು ಸಾಕ್ಷ್ಯವನ್ನು ನೆಕ್ಕುತ್ತಿದ್ದವು. ಬೋತಿರ್ ಕರ್ತವ್ಯನಿಷ್ಠೆಯಿಂದ ಒಂದು ಮರ ಹತ್ತಿ, ಸರ್ರನೆ ಇಳಿದ.

"ಜಾರುತ್ತೆ ಸಾರ್."

"ಬರ್ಕೊ," ಎಂದ ಎರ್ಗಾಶ್, ಜೊತೆಗೆ ಬಂದಿದ್ದ ತುರ್ಗುನ್ ಕಡೆ ತಿರುಗಿದ. "ನಿನ್ನ ಮೇಲೆ ಯಾರಿಗೆ ಹಗೆ?"

"ಯಾರಿಗೂ ಇಲ್ಲ ಸಾರ್. ಎಲ್ರಿಗೂ ಕೆಲಸ ಕೊಡ್ತೀನಿ."

"ಮರದಿಂದ ಬಿದ್ದೋರಿಗೆ?"

ತುರ್ಗುನ್ ನಾಯಿ ಓಡಿಸಲು ಹೋದ. ಬಿದ್ದವರ ಹೆಸರು ಕೇಳಲು ಎರ್ಗಾಶ್ ಜಲಾಲಾಬಾದ್ ಪಟ್ಟಣದ ಆಸ್ಪತ್ರೆಯ ವೈದ್ಯರೊಬ್ಬರಿಗೆ ಫೋನ್ ಹಚ್ಚಿದ.

"ಬೆನ್ನುಹುರಿಗೆ ಪೆಟ್ಟಾಗಿ ಬರೋರಲ್ಲಿ ವರ್ಷವಿಡೀ ರಸ್ತೆ ಅಪಘಾತದವರೇ ಮುಂದು," ಎಂದರು ವೈದ್ಯರು. "ಆಮೇಲೆ ಕುದುರೆಯಿಂದ ಬಿದ್ದೋರು. ಅಕ್ರೋಟ್ ಸುಗ್ಗೀಲಿ ಮಾತ್ರ ಮರ ಎಲ್ಲಾನೂ ಹಿಂದೆ ಹಾಕುತ್ತೆ. ಬಹಳಷ್ಟು ಗಂಡಸರೇ, ಅದರಲ್ಲೂ ಮೀಸೆ ಚಿಗುರೋ ಹುಡುಗ್ರು. ಹುರಿ ಹೋದ್ರೆ ಕಾಲಿಗೆ ಸುದ್ದಿ ಮುಟ್ಟಲ್ಲ, ನಮಗೆ ಹೊಲಿಯೋಕೂ ಬರಲ್ಲ. ನಿಮ್ಮೂರಿಂದ ಹೋದ ವರ್ಷ ಬಂದೋನು ಯೋಲ್ದಾಶ್."

ಯೋಲ್ದಾಶ್ ತನ್ನ ಮನೆಯಂಗಳದಲ್ಲಿ ಗಾಲಿಕುರ್ಚಿಯ ಮೇಲಿದ್ದ. "ನಾನೇ ಓಡಿ ಹೋಗಿ ಬಳಿದೆ ಅಂತ ಬರ್ಕೊಳ್ಳಿ ಸಾರ್," ಎಂದ. ಅವನ ಹೆಂಡತಿ ಹನೀಫಾ ಬಾಗಿಲಿಗೆ ಬಂದ ಪೊಲೀಸರನ್ನೂ ಉಣ್ಣಿಸದೆ ಕಳಿಸುವವಳಲ್ಲ. ಪಲಾವ್ ಬಂತು. ಎರ್ಗಾಶ್ ಒಂದು ತುತ್ತು ನುಂಗಿ ಟೀ ಕುಡಿದ. ಜಿಡ್ಡಿಲ್ಲದ ಅನ್ನ ಗಂಟಲಲ್ಲೇ ನಿಂತಿತ್ತು. ಬೇಲಿಯ ಮೇಲೆ ಹಸಿ ಕುರಿಚರ್ಮ ಒಣಗುತ್ತಿತ್ತು.

"ಅಕ್ಕ, ಮೊನ್ನೆ ತಾನೇ ಕುರಿ ಕುಯ್ದಿದ್ದೀರಿ. ಬಾಲದ ಕೊಬ್ಬು ಎಲ್ಲಿ?"

"ಮುಗೀತು."

"ಪಲಾವ್‌ಗಂತೂ ಹಾಕಿಲ್ಲ. ಅದಿಲ್ಲದೆ ಈ ಊರಲ್ಲಿ ಯಾರು ಪಲಾವ್ ಮಾಡ್ತಾರೆ?"

"ನಾನೂ ಅದನ್ನೇ ಕೇಳ್ದೆ," ಎಂದ ಯೋಲ್ದಾಶ್. "ನನ್ನ ಕಾಲು ಸತ್ತ ವಾರದಲ್ಲೂ ಇವಳು ಕೊಬ್ಬು ಹಾಕಿದ್ಲು ಸಾರ್."

ಹನೀಫಾ ಅಂಗಳದಾಚೆ ನೋಡಿದಳು. ಮಗ ಇಕ್ರೋಮ್ ಹೆಗಲಿಗೆ ಹಗ್ಗ ಸುತ್ತಿಕೊಂಡು ನಿಂತಿದ್ದ.

"ಅವರಪ್ಪ ಬಿದ್ದ ಮರಾನೇ ಹತ್ತುತ್ತಾನಂತೆ. ಇಲ್ಲದಿದ್ರೆ ಊರಲ್ಲಿ ಮರ್ಯಾದೆ ಇಲ್ವಂತೆ. ಬೈದೆ, ಬೇಡ್ಕೊಂಡೆ, ಕೇಳಲಿಲ್ಲ. ಒಂದೇ ಮರಕ್ಕೆ ಬಳಿದ್ರೆ ಪಕ್ಕದ್ದು ಹತ್ತುತ್ತಾನೆ. ಅದಕ್ಕೇ ಎಲ್ಲಕ್ಕೂ ಬಳಿದೆ."

ಎರ್ಗಾಶ್ ತಟ್ಟೆಯಲ್ಲಿದ್ದ ಪಲಾವನ್ನೆಲ್ಲ ತಿಂದು ಮುಗಿಸಿದ. ಮಧ್ಯಾಹ್ನ ಎರಡಕ್ಕೆ ಅವಳನ್ನು ಬಂಧಿಸಿದ. ಬೆನ್ನಿಗೇ ಬಂದಿದ್ದ ತುರ್ಗುನ್‌ನ ಮುಖ ಅರಳಿತು.

"ಸೋಪು ಹಾಕಿ ತೊಳೆಸ್ತೀನಿ ಸಾರ್. ನಾಳೆಯಿಂದ್ಲೇ ಹತ್ತಿಸ್ತೀನಿ."

"ಮರ ಮುಟ್ಟಿದ್ರೆ ಸಾಕ್ಷ್ಯನಾಶದ ಕೇಸು ಹಾಕ್ತೀನಿ. ಪ್ರಯೋಗಾಲಯದ ವರದಿ ಬರೋವರೆಗೂ ಅಷ್ಟೂ ಮರ ಮುದ್ದೆಮಾಲು."

"ಯಾವಾಗ ಬರುತ್ತೆ?"

"ಹಿಮ ಬಿದ್ದ ಮೇಲೆ."

"ನನ್ನ ಅಕ್ರೋಟು?"

"ಅದು ತಾನೇ ಬೀಳುತ್ತೆ. ಕೆಳಗಿಂದ ಆರಿಸ್ಕೊ."

ಜೀಪಿನ ಮೆಟ್ಟಿಲು ಎತ್ತರವಿತ್ತು. ಇಕ್ರೋಮ್ ಹಗ್ಗ ಎಸೆದು ಓಡಿಬಂದು ತಾಯಿಯ ಕೈ ಹಿಡಿದ. ಆ ಕೈ ಇನ್ನೂ ಜಿಡ್ಡಾಗಿತ್ತು.

"ನಿಧಾನ ಕಣಮ್ಮ, ಬಿದ್ದೀಯೆ," ಎಂದ.

ಒಂದು ವರ್ಷದಿಂದ ಅವಳು ಅವನಿಗೆ ಹೇಳುತ್ತಿದ್ದುದೂ ಅಷ್ಟೇ.